ಸುಂಕದ ಕಟ್ಟೆ

ಪೆರ್ನಿಕ್‌ನಲ್ಲಿ ಸೆಪ್ಟೆಂಬರ್ ಬಂತೆಂದರೆ
ಬಾಲ್ಕನಿ ಬಾಲ್ಕನಿಯಲ್ಲೂ ಕೆಂಪು ಮೆಣಸು ಸುಡುವ ಹೊಗೆ.
ಮೇಲಿನ ಮನೆಯ ಕಲೋಯಾನ್, ಹತ್ತೊಂಬತ್ತರ ಹುಡುಗ,
ಬಾಗಿಲ ಚೌಕಟ್ಟು ತುಂಬಿ ನಿಂತು ಕೇಳುತ್ತಾನೆ:
"ವೆಲಿಚ್ಕಾ ಅಜ್ಜಿ, ನೀವು ನರ್ಸ್ ಆಗಿದ್ದವರಲ್ಲವೇ,
ಯಾವುದು ವಾಸಿ? ನುಂಗುವುದೋ, ಚುಚ್ಚಿಸಿಕೊಳ್ಳುವುದೋ?"
ಸೋಫಿಯಾಕ್ಕೆ ಬಸ್ಸೋ ರೈಲೋ ಅನ್ನುವ ಹಾಗೆ.

ಮೆಣಸು ತಿರುವಿ ಹಾಕಿದೆ. ಸಿಪ್ಪೆ ಚಟಚಟ ಸಿಡಿಯಿತು.

ನನ್ನ ತಮ್ಮ ಸ್ವಿಲೆನ್ ಸೂಜಿ ಕಂಡರೆ ಬೆವರುತ್ತಿದ್ದ.
ನೂರೈವತ್ತು ಕಿಲೋ ತಲೆಯ ಮೇಲೆತ್ತಿ ನಗುವವನು
ಶಾಲೆಯಲ್ಲಿ ಲಸಿಕೆಯ ದಿನ
ಕಲ್ಲಿದ್ದಲು ಕೋಣೆಯಲ್ಲಿ ಅಡಗಿ ಕೂತಿದ್ದ.
ಹಾಗಾಗಿ ಅವನಿಗೆ ಮಾತ್ರೆ.
ತರಬೇತುದಾರ ಹೆಸರಿಲ್ಲದ ಶೀಶೆಯಿಂದ ಅಂಗೈಗೆ ಸುರಿದು
ವಿಟಮಿನ್ ಅನ್ನುತ್ತಿದ್ದ.
ಸ್ವಿಲೆನ್ ಮೊಸರಿನ ಜೊತೆ, ಕಣ್ಣು ಮುಚ್ಚಿ, ಗುಳುಂ.

ಬಾಯಿಂದ ಹೋದದ್ದಕ್ಕೆ ಒಂದೇ ಹೆದ್ದಾರಿ:
ಹೊಟ್ಟೆ, ಕರುಳು, ಆಮೇಲೆ ಪಿತ್ತಜನಕಾಂಗದ ಸುಂಕದ ಕಟ್ಟೆ.
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ ಅನ್ನುತ್ತಾರೆ.
ಈ ಸುಂಕದವನು ಮಾತ್ರ ಎಲ್ಲ ಕೇಳಿಸಿಕೊಳ್ಳುತ್ತಾನೆ,
ಬಂದವರೆಲ್ಲರ ಗಂಟನ್ನೂ ಕೂತು ಬಿಚ್ಚುತ್ತಾನೆ.
ಮಾತ್ರೆ ಮಾಡಿದವರು ಜಾಣರು:
ಬಿಚ್ಚಲು ಬಾರದಂತೆ ಒಂದು ಹೆಚ್ಚಿನ ಕುಣಿಕೆ ಹಾಕಿದ್ದರು.
ಬಿಚ್ಚಿ ಬಿಚ್ಚಿ ಅವನ ಉಗುರು ಕಿತ್ತುಬಂತು.

ಎಂಬತ್ತೇಳರ ಮಾರ್ಚಿನಲ್ಲಿ ಸ್ವಿಲೆನ್‌ನ ಕಣ್ಣು
ಸೂರ್ಯಕಾಂತಿ ಹೊಲವಾಯಿತು.
ಒಳಗೆ ರಕ್ತದ ಕೆರೆಗಳು, ಬಟಾಣಿ ಗಾತ್ರದವು,
ಡಾಕ್ಟರು ಪೆನ್ಸಿಲಿನಲ್ಲಿ ಬರೆದು ತೋರಿಸಿದರು.
ಒಂದರ ಏರಿ ಒಡೆಯಿತು.
ಕಟ್ಟಡದ ಬಾಗಿಲಿಗೆ ಅಂಟಿಸಿದ ಸಾವಿನ ಚೀಟಿಯ ಫೋಟೋದಲ್ಲಿ
ಅವನ ಕತ್ತು ಅಂಚಿನೊಳಗೆ ಹಿಡಿಸಿರಲಿಲ್ಲ.

ಟ್ರೆಂಡಾಫಿಲ್, ನನ್ನ ಗಂಡ, ಹಿತ್ತಲ ಬಾಗಿಲಿನವನು.
ಕಟ್ಟೆ ತಪ್ಪಿಸಿ, ನೇರ ಮಾಂಸಕ್ಕೆ.
ಎಣ್ಣೆ ಸೋಮಾರಿ, ಸಿರಿಂಜಿನೊಳಗೆ ಬೇಗ ಏರದು;
ಅಷ್ಟು ಹೊತ್ತೂ ಅವನು ಗೋಡೆ ಹಿಡಿದು ನಿಂತು
ಫುಟ್‌ಬಾಲ್ ಸುದ್ದಿ ಹೇಳುತ್ತಿದ್ದ.
ಒಮ್ಮೆ ಎಡ, ಒಮ್ಮೆ ಬಲ.
ಸ್ಪಿರಿಟ್ಟಿನ ಹತ್ತಿ ಒತ್ತಿ, ಮೇಲೊಂದು ಏಟು ಕೊಟ್ಟು
"ಹೋಗು" ಅನ್ನುತ್ತಿದ್ದೆ.
ಅದೂ ನಮ್ಮ ಸಂಸಾರದ ಒಂದು ಸರಸವೇ, ಸುಳ್ಳೇಕೆ ಹೇಳಲಿ.

ಒಂದು ಚಳಿಗಾಲ ಆ ಜಾಗ ಕಲ್ಲಾಯಿತು, ಆಮೇಲೆ ಕೆಂಡ.
ಸರ್ಜನ್ ಸೀಳಿದಾಗ ಅರ್ಧ ಬಟ್ಟಲು ಕೀವು.
ಇವತ್ತಿಗೂ ಅಲ್ಲಿ ನನ್ನ ಹೆಬ್ಬೆರಳು ಕೂರುವಷ್ಟು ಗುಳಿ.
ಗುಳಿಯ ಮಾತು ಬಿಡು.
ಬೀಜದ ಎಣ್ಣೆ ಒಳಗೆ ಹೋಯಿತು,
ಅವನ ಬೀಜ ಬತ್ತಿತು.
ಹೆಣೆದಿಟ್ಟಿದ್ದ ಹಳದಿ ಕಾಲುಚೀಲ
ನಾದಿನಿಯ ಮಗುವಿಗೆ ಕೊಟ್ಟೆ.
ಅಳತೆ ಸಾಲಲಿಲ್ಲ, ವಾಪಸ್ಸು ಬಂತು.

ಹುಡುಗ ಇನ್ನೂ ನಿಂತೇ ಇದ್ದಾನೆ.
ಬನಿಯನ್ನಿನ ಆಚೆ, ಹೆಗಲ ತುಂಬ ಹೊಸ ಮೊಡವೆ.
ಓಹೋ, ಪ್ರಶ್ನೆ ತಡವಾಗಿ ಬಂದಿದೆ.
"ಯಾವ ದಾರಿ ಹಿಡಿದೆ?" ಅಂದೆ.
"ಎರಡೂ," ಅಂದ, ನನ್ನ ಚಪ್ಪಲಿ ನೋಡುತ್ತ.

ಒಳಗಿಂದ ಟ್ರೆಂಡಾಫಿಲ್ ಕೂಗಿದ. ಆರು ಗಂಟೆ.
ಹೃದಯಕ್ಕೊಂದು ಬಿಳಿ ಮಾತ್ರೆ, ಸಕ್ಕರೆಗೊಂದು ಸೂಜಿ.
ಆ ಬೆರಳುಗಳಿಗೆ ಮಾತ್ರೆ ಸಿಗುವುದಿಲ್ಲ, ಜಾರಿ ಮಂಚದಡಿ ಹೋಗುತ್ತದೆ;
ನಾಲಿಗೆಯ ಮೇಲೆ ನಾನೇ ಇಡಬೇಕು.

ಇಕ್ಕಳವನ್ನು ಹುಡುಗನ ಕೈಗೆ ಕೊಟ್ಟೆ:
"ನಾಳೆ ಏಳಕ್ಕೆ ಬಾ, ಏನೂ ತಿನ್ನದೆ.
ರಕ್ತ ತೋರಿಸಿಕೊಂಡು ಬರೋಣ, ನಾನೂ ಬರುತ್ತೇನೆ.
ಈಗ ಇದನ್ನು ತಿರುವುತ್ತಿರು.
ಸಿಪ್ಪೆ ಕರಿಯಾಗಲಿ,
ಒಳಗಿನದು ಸುಡಬಾರದು."