ಆಗಿದ್ದರೆ

ರುವಿಯ ಕಚೇರಿ, ಆರನೆಯ ಮಹಡಿ, ಬೆಳಿಗ್ಗೆ ಹತ್ತೂವರೆ.
ಹೊರಗೆ ಬೋಳುಗುಡ್ಡ, ಕಾದ ಕಾವಲಿಯ ಬೆನ್ನು.
ಒಳಗೆ ಮೇಜಿನ ಮೇಲೆ ಒಂದೇ ಸಮ ಮಿಡುಕುವ ಫೋನು:
ರಾತ್ರಿಯಿಂದ ಸಾವಿರದ ಇನ್ನೂರು ತಾಯಂದಿರು.

ಜಾಹೀರಾತು ನನ್ನದೇ.
ಚಹಾ ಆರುವಷ್ಟರಲ್ಲಿ ಬರೆದುಕೊಟ್ಟದ್ದು.
ಶಾಲೆಯ ಬೆಂಚು, ತೆರೆದ ಬುತ್ತಿಡಬ್ಬಿ, ಒಳಗೆ ಖಾಲಿ,
ಪೆಚ್ಚುಮೋರೆಯ ಹುಡುಗ. ಕೆಳಗೆ:
‘ಅಮ್ಮ ಮರೆತರೂ ನಾವು ಮರೆಯೆವು.’
ರುಸೈಲಿನ ಕಾರ್ಖಾನೆಯ ಫ್ರೋಝನ್ ಪರೋಟ, ಐದರ ಪೊಟ್ಟಣ.
ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ.

ನಸುಕಿನ ಮೂರಕ್ಕೆ ಮೊದಲು ಬರೆದವರು
ಉಳ್ಳಾಲದ ಸಫೂರಾ, ಐಸಿಯುವಿನ ರಾತ್ರಿಪಾಳಿಯಿಂದ:
‘ಮರೆತಿಲ್ಲ. ಲಸಿಕೆಯ ತಾರೀಕು ಮರೆತಿಲ್ಲ,
ಬಸ್ಸಿನ ನಂಬರು, ಯಾವ ಹಲ್ಲು ಅಲ್ಲಾಡುತ್ತಿದೆ,
ಯಾವ ಟೀಚರಿಗೆ ಹೆದರುತ್ತಾನೆ, ಯಾವ ಕಾಲುಚೀಲ ಚುಚ್ಚುತ್ತದೆ.
ಒಂಬತ್ತನೇ ಬೆಡ್ಡಿನ ಅಜ್ಜನಿಗೆ ನಾಲ್ಕಕ್ಕೆ ಮದ್ದು, ಅದೂ.
ಮರೆತಿರುವುದು ಒಂದೇ, ನಿದ್ದೆ.
ಅದನ್ನು ಪೊಟ್ಟಣ ಕಟ್ಟಿ ಮಾರುತ್ತೀರಾ?’

ಅದರ ಕೆಳಗೆ ಲವೀನಾ, ಮಾರಿಸೆಲ್, ಇನ್ನೂ ಯಾರು ಯಾರೋ.
ಜಲಜಾಕ್ಷಿ ಎಂಬವರದು ಎರಡೇ ಸಾಲು:
‘ನನ್ನ ಮಗನ ಡಬ್ಬಿ ದಿನಾ ಖಾಲಿ ಬರುತ್ತದೆ.
ಉಂಡು ಖಾಲಿಯಾದದ್ದು ಸ್ವಾಮಿ, ಅದು.’

ಸಭೆ. ನಬೀಲ್ ಸಾಹೇಬರು: ಎರಡು ದಿನ ಸುಮ್ಮನಿದ್ದರೆ ಗಾಳಿ ತಾನೇ ಬೀಳುತ್ತದೆ.
ಮಾರಾಟದವರು: ತಲೆಗೊಂದು ಪೊಟ್ಟಣ ಬಿಟ್ಟಿ ಕಳಿಸಿದರೆ?
ವಕೀಲ ಕುರುವಿಲ್ಲ ಕನ್ನಡಕ ಒರೆಸಿ ಒಂದು ವಾಕ್ಯ ಕೊಟ್ಟರು,
ಅವರವರ ಭಾಷೆಗೆ ಇಳಿಸಿಕೊಳ್ಳಿ ಎಂದು. ಕನ್ನಡಕ್ಕೆ ನಾನು:

‘ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ.’

ಬೆರಳು ಅಲ್ಲೇ ನಿಂತಿತು.
ಆಗಿದ್ದರೆ. ಈ ‘ರೆ’ ಎಂಥ ಚಿಲಕ!
ಬಾಗಿಲು ತೆರೆದಂತೆ ಕಾಣುತ್ತದೆ, ಒಳಗಿನಿಂದ ಹಾಕಿಯೇ ಇರುತ್ತದೆ.
ಸಾವಿರದ ಇನ್ನೂರು ಜನ ಆಗಿದೆ ಅನ್ನುವಾಗ
ಆಗಿದ್ದರೆ ಎನ್ನಲು ನಾನು ಯಾವ ಊರ ಪಂಚಾಯ್ತಿ?
ಅಳಿಸಿ ‘ನೋವಾಗಿದೆ’ ಎಂದು ಬರೆದೆ.
ತಾನಾಗಿ ಆಯಿತೆ, ಬಿಸಿಲಾದ ಹಾಗೆ, ಸಂಜೆಯಾದ ಹಾಗೆ?
‘ತಪ್ಪಾಯಿತು’ ಎಂದೆ. ಇಲ್ಲೂ ನಮ್ಮ ನುಡಿ
ಮೆತ್ತಗೆ ತಲೆದಿಂಬು ತಂದು ಕೊಡುತ್ತದೆ:
ಹಾಲು ಉಕ್ಕಿತು, ಗಾಜು ಒಡೆಯಿತು, ತಪ್ಪಾಯಿತು.
ಮಾಡಿದವನು ಕ್ರಿಯಾಪದದ ಹಿಂದೆ ಅಡಗಿ
ಬೆಣ್ಣೆಯ ಕೈ ಒರೆಸಿಕೊಳ್ಳುತ್ತಿರುತ್ತಾನೆ.

ಕೊನೆಗೆ ಇಷ್ಟು:
‘ಸಫೂರಾ ಅವರೇ, ಆ ಸಾಲು ಬರೆದವನು ನಾನು, ಯಶೋಧರ ಬಂಗೇರ.
ಡಬ್ಬಿ ತುಂಬುವ ಒಬ್ಬರನ್ನೂ ಕೇಳದೆ ಬರೆದೆ.
ನೋಯಿಸಿದ್ದೇನೆ. ಇವತ್ತೇ ತೆಗೆಸುತ್ತೇವೆ.’

ಅರ್ಥ ಕೇಳಿ ಕುರುವಿಲ್ಲ ತಲೆಯ ಮೇಲೆ ಕೈಯಿಟ್ಟರು.
ನಬೀಲ್ ಸಾಹೇಬರು ತುಂಬ ಹೊತ್ತು ಗುಡ್ಡ ನೋಡಿ
ಕಳಿಸು ಅಂದರು. ಯಾಕೆಂದು ಹೇಳಲಿಲ್ಲ.

ಮಧ್ಯಾಹ್ನ ಉತ್ತರ ಬಂತು, ನಿದ್ದೆಗೆಟ್ಟ ಅಕ್ಷರದಲ್ಲಿ:
‘ಸರಿ. ಆದರೆ ವಾದಿ ಕಬೀರಿನ ತಿರುವಿನಲ್ಲಿ ಬೋರ್ಡು ಇನ್ನೂ ಇದೆ.
ಬಸ್ಸಿನಿಂದ ಮಗ ಅದನ್ನು ಗಟ್ಟಿಯಾಗಿ ಓದುತ್ತಾನೆ.
ಈಗಷ್ಟೇ ಓದಲು ಕಲಿತಿದ್ದಾನೆ.’

ರಾತ್ರಿ ಒಂಬತ್ತು. ಕಾವು ಇಳಿದಿರಲಿಲ್ಲ.
ಏಣಿಯ ಮೇಲೆ ಮೊಕ್ಸೇದ್, ಕೆಳಗೆ ಅವನ ಇಬ್ಬರು ಜೊತೆಗಾರರು, ನಾನು.
ಅರಬ್ಬಿ ಬಲದಿಂದ, ಇಂಗ್ಲಿಷು ಎಡದಿಂದ ಸುಲಿಯುತ್ತ ಬಂದು
ನಡುವೆ ಆ ಖಾಲಿ ಡಬ್ಬಿಯೊಂದೇ
ದೀಪದ ಬೆಳಕಲ್ಲಿ ಸ್ವಲ್ಪ ಹೊತ್ತು ತೂಗಿತು.
ಆಮೇಲೆ ಅದೂ ಬಿತ್ತು.

ಮೊಕ್ಸೇದ್ ಅದನ್ನು ಬೋರಲು ಹಾಸಿದ. ಹಿಂಬದಿ ಬೆಳ್ಳಗಿತ್ತು.
ಅನ್ನದ ಬೋಗುಣಿ ಬಂತು, ಮೀನುಸಾರು, ಈರುಳ್ಳಿ.
ಬೈಠಿಯೇ ಸಾಬ್, ಅಂದ.
ಆ ಸಾಲು ಅಡಿಯಲ್ಲಿ ಎಲ್ಲೋ ಇತ್ತು.
ಕೂತೆ.