ಕಾಯ್ದೆ

ಮೊದಲ ತರಗತಿಗೆ ಬಂದವರೇ ಏವರಿಲ್ ಪ್ಯಾಸ್ಕೋ
ಹಲಗೆಯ ಮೇಲೆ ಬರೆದದ್ದು ಒಂದೇ ಸಾಲು:
ಕೋರ್ಟಿನಲ್ಲಿ ನಿಲ್ಲುವ ಹಕ್ಕು ಯಾರಿಗೆ?

ಬೇಲಿ ಕಿತ್ತುಹೋದವನಿಗೆ. ಸರಿ.
ನೀರು ಕುಡಿದು ದನ ಸತ್ತವಳಿಗೆ. ಸರಿ.
ತೊರೆಗೆ?
ಇಪ್ಪತ್ತೇಳು ಮಂದಿ ಪೆನ್ನು ಕಚ್ಚಿದೆವು.
ಕಿಟಕಿಯಾಚೆ ನ್ಯೂಕಾಸಲ್ಲಿನ ಕಡಲು,
ಕಲ್ಲಿದ್ದಲು ತುಂಬಿಕೊಳ್ಳಲು ಸರದಿ ನಿಂತ ಹಡಗುಗಳು.
"ಅಗೋ, ಹಡಗನ್ನೇ ಪ್ರತಿವಾದಿ ಮಾಡಬಹುದು.
ತಗಡಿಗಿರುವ ಮರ್ಯಾದೆ ನೀರಿಗಿಲ್ಲ" ಅಂದು
ಸೀಮೆಸುಣ್ಣದ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡರು.

ಅಪ್ಪ ಇದೇ ಬಂದರಿನಲ್ಲಿ ಕಲ್ಲಿದ್ದಲು ತುಂಬಿಸುತ್ತಿದ್ದವನು.
ಮಗಳು ಎಂಬತ್ತಮೂರರಲ್ಲಿ ಬ್ರಿಂಡಲ್ ತೊರೆಯ ಪರ ಹೋಗಿ
ಹೊಸ್ತಿಲಲ್ಲೇ ಮುಗ್ಗರಿಸಿದಳು.
"ಇದರಲ್ಲಿ ತಮಗೇನು ನಷ್ಟ?" ಎಂದಿತ್ತು ಪೀಠ.
ಆ ಒಂದು ಪ್ರಶ್ನೆಗೆ ಮೂವತ್ತು ವರ್ಷ ಉತ್ತರ ಬರೆದರು,
ಅಡಿಟಿಪ್ಪಣಿಗಳೇ ಪುಟದ ಮುಕ್ಕಾಲು ನುಂಗುವ ಪುಸ್ತಕ.
ಮದುವೆಯೊಂದು ಆ ನಡುವೆ ಎಲ್ಲೋ ಆಗಿ ಹೋಯಿತಂತೆ.

ಜುಲೈ ಚಳಿಯಲ್ಲಿ ನಮ್ಮನ್ನು ತೊರೆಗೆ ಕರೆದೊಯ್ದು
ಬೂಟು ಬಿಚ್ಚಿಸಿದರು:
ಕಕ್ಷಿದಾರರ ಮುಖ ನೋಡದೆ ವಾದಿಸಬಾರದು.
ಕಾಲು ಮರಗಟ್ಟಿತು. ಕಿತ್ತಳೆ ಬಣ್ಣದ ಕೆಸರು
ವಾರವಿಡೀ ಉಗುರಿನೊಳಗೆ ಉಳಿದಿತ್ತು.

ವಾಪಸು ಬರುವಾಗ ಕೇಳಿದರು,
ನಿಮ್ಮ ನುಡಿಯಲ್ಲಿ ಇದಕ್ಕೆ ಏನನ್ನುತ್ತೀರಿ?
ಕಾಯ್ದೆ, ಅಂದೆ. ಹೊರಗಿನಿಂದ ಬಂದ ಶಬ್ದ. ಆದರೆ
ನಮ್ಮ ಬಾಯಲ್ಲಿ ಬಂದು ಕೂತ ಮೇಲೆ
ಕಾವಲಿದ್ದೆ ಅಂತಲೂ ಕೇಳಿಸುತ್ತದೆ, ಕಾದು ಕೂತೆ ಅಂತಲೂ.
ಬಸ್ ಟಿಕೆಟಿನ ಬೆನ್ನಿಗೆ ಬರೆದುಕೊಂಡರು,
ಮೂರು ಸಲ ನನ್ನಿಂದ ಹೇಳಿಸಿ.

ಈ ಮಾರ್ಚಿನಲ್ಲಿ ಗಣಿ ಕಂಪನಿಯ ಪರ ಎದ್ದು ನಿಂತವನು ನಾನು.
ಓದಿದ್ದು ಅವರದೇ ಪುಸ್ತಕ,
ಪುಟ ಇನ್ನೂರ ಹನ್ನೆರಡು, ಟಿಪ್ಪಣಿ ಒಂಬತ್ತು.
ಮೂರನೆಯ ಸಾಲಿನಲ್ಲಿ ಅವರು, ಹೊಸ ಮಂಡಿಚಿಪ್ಪು, ಊರುಗೋಲು.
ಪೀಠ ಎದ್ದಾಗ ಎಲ್ಲರೂ ನಿಂತೆವು, ಅವರೊಬ್ಬರು ಕೂತೇ ಇದ್ದರು.
ಬ್ರಿಂಡಲ್ ಮತ್ತೆ ಸೋತಿತ್ತು.
ಮೆಟ್ಟಿಲ ಬಳಿ ಅಂದದ್ದಿಷ್ಟೆ:
"ಚೆನ್ನಾಗಿ ಓದಿದೆ. ಎರಡನೆಯ ವಾಕ್ಯ ಯಾಕೆ ಬಿಟ್ಟೆ?"

ಗೊತ್ತಿದ್ದೇ ಬಿಟ್ಟದ್ದು.
ತೊರೆಯ ಕಡೆಯ ವಕೀಲನೂ ಅವರ ಶಿಷ್ಯನೇ,
ನನಗಿಂತ ಹೆಚ್ಚು ಅಂಕ ತೆಗೆದವನು,
ಅವನಿಗೂ ಹೊಳೆಯಲಿಲ್ಲ.

ಮೇಲ್ಮನವಿಗೆ ಇಪ್ಪತ್ತೆಂಟು ದಿನ. ಇವತ್ತಿಗೆ ಹತ್ತೊಂಬತ್ತು.
ಕಚೇರಿಗೆ ಬಂದವನು ಮೊದಲು ಟಪಾಲು ಹುಡುಕುತ್ತೇನೆ.
ಹಡಗುಗಳು ಒಂದೊಂದಾಗಿ ಒಳಗೆ ಬರುತ್ತಿವೆ.
ಕಾವಲಲ್ಲ ಇದು,
ಬರೀ ಕಾಯುವುದು.