ತೇಪೆ

ಶಾಲೆಯ ಗೋಡೆಯ ನಕ್ಷೆಯನ್ನು ಕಂಬಳಿಯ ಹಾಗೆ ಸುತ್ತಿ
ಹೆಗಲ ಮೇಲೆ ಹೊತ್ತು ತಂದರು ತೊಲೆಗೆನ್ ಮೇಷ್ಟ್ರು.
ಹೊರಗೆ ಮೈನಸ್ ಇಪ್ಪತ್ತೆಂಟು. ಮೀಸೆಯಲ್ಲಿ ಹಿಮ.
"ಬಾತಿಮಾ, ಇದೊಂದು ತೂತು ಮುಚ್ಚಿಕೊಡು,
ದುಡ್ಡು ಮುಂದಿನ ತಿಂಗಳು."

ನನ್ನ ಮೇಜಿಗಿಂತ ಕಜಕಸ್ತಾನ ದೊಡ್ಡದು.
ಇಳಿಬಿದ್ದ ಪಶ್ಚಿಮವನ್ನು ಕುರ್ಚಿಗೆ ಹಾಸಿದೆ,
ಸೇಬಿನ ಬೆಟ್ಟಗಳನ್ನು ತೊಡೆಯ ಮೇಲೆ ಎಳೆದುಕೊಂಡೆ,
ಉತ್ತರದ ಗೋಧಿ ಹೊಲ ಗೋಡೆಗೆ ತಾಗಿ ಮುದುಡಿತು.

ಅರವತ್ತೆಂಟರ ಅಚ್ಚು. ಬಟ್ಟೆ ಇನ್ನೂ ಗಟ್ಟಿ.
ಮೈತುಂಬ ಚಿಹ್ನೆಗಳು, ಯಾರೋ ಗುಂಡಿ ಡಬ್ಬಿ ಚೆಲ್ಲಿದ ಹಾಗೆ:
ಕಪ್ಪು ಚೌಕ ಕಲ್ಲಿದ್ದಲು, ಕಪ್ಪು ಗೋಪುರ ಎಣ್ಣೆ,
ಅರೆಬಿಳಿ ಬಟ್ಟು ಕ್ರೋಮ್, ಕೆಂಪು ತ್ರಿಕೋನ ನಮ್ಮ ತಾಮ್ರ.
ಇಷ್ಟೊಂದು ಗುಂಡಿಯ ಅಂಗಿಯನ್ನು ನಾನಂತೂ
ಯಾರ ಮೈಮೇಲೂ ಕಂಡಿಲ್ಲ.
ಯುರೇನಿಯಂಗೆ ಗುಂಡಿಯಿಲ್ಲ.
ಅದು ಒಳಜೇಬು.
ಈಶಾನ್ಯದಲ್ಲಿ ಬರೀ ಹಳದಿ ಬಯಲು, ಏನೂ ಬರೆದಿಲ್ಲ;
ಆ ಏನೂ ಇಲ್ಲದ ಕಡೆಯಿಂದಲೇ
ನೆಲ ನಡುಗಿ ಅತ್ತೆಯ ಕಪಾಟಿನ ಪಿಂಗಾಣಿ ಕುಣಿಯುತ್ತಿತ್ತಂತೆ.

ಬಟ್ಟೆ ಅಂದಮೇಲೆ ಒಂದು ಕಡೆಯಾದರೂ
ಬಿಟ್ಟ ಅಂಚು ಇರಬೇಕು, ಗಾಳಿಗೆ ಪಟಪಟ ಅನ್ನಲು.
ಇದಕ್ಕಿಲ್ಲ. ಸುತ್ತ ಎಲ್ಲೆಲ್ಲೂ ಹೊಲಿಗೆ,
ಒಬ್ಬರಲ್ಲ ಒಬ್ಬರ ಸೆರಗಿಗೆ.
"ಪಶ್ಚಿಮದಲ್ಲಿ ಸಮುದ್ರವಿದೆಯಲ್ಲ" ಅಂತಾರೆ ಮೇಷ್ಟ್ರು.
ಇದೆ, ಹೆಸರಿಗೆ. ಬಾಗಿಲಿಲ್ಲದ ಕೋಣೆ.
ಅಲ್ಲಿಂದ ಹೊರಟ ಹಡಗು ಕಡಲಿಗೆ ಹೋಗಬೇಕಾದರೆ
ಮೊದಲು ನೆರೆಯವನ ಕಾಲುವೆಯನ್ನು ಕೇಳಬೇಕು.

ಅದರ ಬಲಕ್ಕೆ ಅರಾಲ್.
ಇಲ್ಲಿ ತುಂಬಿಕೊಂಡೇ ಇದೆ, ಗಾಢ ನೀಲಿ, ಒಂದು ಮೀನಿನ ಚಿತ್ರ ಸಮೇತ.
ಅಮ್ಮ ಆ ದಡದಲ್ಲಿ ಬಲೆ ಹೆಣೆಯುತ್ತಿದ್ದಳು.
ನೀರು ಹಿಂದೆ ಹಿಂದೆ ಸರಿದು ಕಣ್ಣಿಗೆ ಮರೆಯಾದ ವರ್ಷ
ಬಲೆಸೂಜಿಯೊಂದನ್ನು ಬಿಟ್ಟು ಏನೂ ತರದೆ
ಈ ತಾಮ್ರದೂರಿಗೆ ರೈಲು ಹತ್ತಿದಳು.
"ಅದನ್ನೂ ಸರಿ ಮಾಡೋಕಾಗುತ್ತಾ?
ಮಕ್ಕಳಿಗೆ ಸುಳ್ಳು ಹೇಳಿದ ಹಾಗಾಗುತ್ತೆ."
ಹೊಲಿಗೆಯಾದರೆ ಬಿಚ್ಚಬಹುದು, ಮೇಷ್ಟ್ರೇ.
ಬಣ್ಣವನ್ನು ಹೇಗೆ ಬಿಚ್ಚಲಿ?

ತೂತು ನಡುಮಧ್ಯ. ಇಲಿಯ ಕೆಲಸವಲ್ಲ, ನುಸಿಯದೂ ಅಲ್ಲ.
ಅರ್ಧ ಶತಮಾನ, ಬಂದ ಬಂದ ಮಕ್ಕಳೆಲ್ಲ
"ನಾವಿರೋದು ಇಲ್ಲಿ" ಅಂತ
ಬೆರಳಿಟ್ಟು, ಬೆರಳಿಟ್ಟು,
ನಮ್ಮೂರು ಸವೆದುಹೋಗಿದೆ.
ನನ್ನ ಬೆರಳೂ ಇದೆ ಆ ತೂತಿನಲ್ಲಿ.
ಪಕ್ಕದ ಬೆಂಚಿನ ಸಾಪರ್‌ಬೆಕ್‌ನದ್ದೂ,
ಆಮೇಲೆ ನನ್ನ ಗಂಡನಾಗಿ, ಒಂದು ಸಂಜೆ
ಏಳನೇ ಸುರಂಗದಿಂದ ಮೇಲೆ ಬಾರದವನದ್ದು.

ಹಳದಿ ತುಂಡು ಹುಡುಕಿದೆ. ಸಿಗಲಿಲ್ಲ.
ಯಾರದೋ ಮದುವೆ ಕೋಟಿನ ಅಸ್ತರು ಉಳಿದಿತ್ತು, ನೀಲಿ.
ದೀಪ ಹತ್ತಿರ ಎಳೆದು, ಅಮ್ಮನ ಗಂಟು ಹಾಕಿ
ಸುತ್ತ ಸಣ್ಣ ಸಣ್ಣ ಹೊಲಿಗೆ ಕೊಟ್ಟೆ.
ನನ್ನ ದೇಶಕ್ಕೆ ಸೂಜಿ ಚುಚ್ಚುವಾಗ
ಕೈ ನಡುಗುತ್ತೆ ಅಂದುಕೊಂಡಿದ್ದೆ.
ಏನಿಲ್ಲ. ಎಷ್ಟೋ ಚುಚ್ಚಿಸಿಕೊಂಡ ಬಟ್ಟೆ.

ವಾರ ಕಳೆದು ಮೇಷ್ಟ್ರು ಮತ್ತೆ ಬಂದರು,
ದುಡ್ಡಿಲ್ಲ, ದೂರು ಉಂಟು, ಜೊತೆಗೆ ಅರ್ಧ ಚೀಲ ಕ್ಯಾರೆಟ್.
ಒಂದನೇ ತರಗತಿಯ ಅಕ್ಬೋಪೆ
ತೇಪೆಯ ಮೇಲೆ ಅಂಗೈ ಊರಿ ನಿಂತು
ನಮ್ಮೂರಲ್ಲಿ ಸಮುದ್ರ ಎಲ್ಲಿದೆ, ತೋರಿಸಿ ಅಂತಾಳಂತೆ.
ಗಣಿಯವರು ಹೇಳುವ ಪ್ರಕಾರ ತಾಮ್ರ ಇನ್ನು ಹನ್ನೊಂದು ವರ್ಷ.
"ಏನು ಹೇಳಲಿ ಅವಳಿಗೆ?"

ಮುಟ್ಟಲಿ ಬಿಡಿ ಅಂದೆ.
ಎರಡು ಪದರ ಹಾಕಿದ್ದೇನೆ, ಐವತ್ತು ವರ್ಷ ತಡೆಯುತ್ತೆ.
ಬಟ್ಟೆಯ ಮಾತು ಹೇಳಿದೆ.